ಹಾಲಿವುಡ್‌ನಲ್ಲಿ ಹೊಸ ಕಥೆ ಎಲ್ಲಿ ಸಿಕ್ಕಿಹಾಕಿಕೊಂಡಿದೆ?

ಟೂರಿಂಗ್‌ಟಾಕೀಸ್
2024ರಲ್ಲಿ ಅಮೆರಿಕದ ಥಿಯೇಟರುಗಳಲ್ಲಿ ಅತಿ ಹೆಚ್ಚು ದುಡ್ಡು ಬಾಚಿದ ಎಂಟು ಚಿತ್ರ: ಇನ್‌ಸೈಡ್ ಔಟ್ 2, ಡೆಡ್‌ಪೂಲ್ ಅಂಡ್ ವೊಲ್ವರೀನ್, ವಿಕೆಡ್, ಮೊವಾನಾ 2, ಡೆಸ್ಪಿಕಬಲ್ ಮಿ 4, ಬೀಟಲ್‌ಜ್ಯೂಸ್ ಬೀಟಲ್‌ಜ್ಯೂಸ್, ಡ್ಯೂನ್ ಭಾಗ 2, ಟ್ವಿಸ್ಟರ್ಸ್. ಪರದೆಗೆಂದೇ ಹುಟ್ಟಿದ ಹೊಸ ಕಥೆ ಇದರಲ್ಲಿ ಒಂದೂ ಇಲ್ಲ. ಏಳು ಚಿತ್ರ ಹಳೇ ಚಿತ್ರದ ಬಾಲ. ಉಳಿದಿದ್ದು ವಿಕೆಡ್. ಅದರ ವಂಶವೃಕ್ಷ ಕೇಳಿ: 1900ರಲ್ಲಿ ಬಂದ ಮಕ್ಕಳ ಪುಸ್ತಕ, ಅದನ್ನೇ ಮಗುಚಿ ಹಾಕಿ 1995ರಲ್ಲಿ ಬರೆದ ಕಾದಂಬರಿ, ಆ ಕಾದಂಬರಿಯಿಂದ 2003ರ ಬ್ರಾಡ್‌ವೇ ನಾಟಕ, ಆ ನಾಟಕದ ಮೊದಲರ್ಧ ಮಾತ್ರ ಈ ಚಿತ್ರ.

ನಲವತ್ತು ವರ್ಷ ಹಿಂದೆ ಹೋಗೋಣ. 1984ರ ಎಂಟು: ಬೆವರ್ಲಿ ಹಿಲ್ಸ್ ಕಾಪ್, ಘೋಸ್ಟ್‌ಬಸ್ಟರ್ಸ್, ಇಂಡಿಯಾನಾ ಜೋನ್ಸ್‌ನ ಎರಡನೇದು, ಗ್ರೆಮ್ಲಿನ್ಸ್, ಕರಾಟೆ ಕಿಡ್, ಪೊಲೀಸ್ ಅಕಾಡೆಮಿ, ಫುಟ್‌ಲೂಸ್, ರೊಮ್ಯಾನ್ಸಿಂಗ್ ದಿ ಸ್ಟೋನ್. ಇಂಡಿಯಾನಾ ಜೋನ್ಸ್ ಬಿಟ್ಟರೆ ಏಳೂ ಹೊಸ ಕಥೆ.

ಬರೆಯೋರು ಕಡಿಮೆ ಆದ್ರಾ, ಇಲ್ಲಾ ಬರೆದದ್ದು ಪರದೆ ತನಕ ಬರ್ತಿಲ್ವಾ? ದಾರಿಯಲ್ಲಿ ಎಲ್ಲಿ ಸಿಕ್ಕಿಕೊಳ್ಳುತ್ತೆ ಅಂತ ಗೊತ್ತಿರೋರು ಹೇಳಿ. "ಹಾಲಿವುಡ್ ಕಥೆ ಮುಗೀತು" ಅನ್ನೋ ಒಂದು ಸಾಲಿನ ತೀರ್ಪು ಬೇಡ ದಯವಿಟ್ಟು.

ಗಾಂಧಿಕ್ಲಾಸ್
ಹಾಲಿವುಡ್ ಕಥೆ ಮುಗೀತು.

ಕಡೇಶೋ
ಇದು ನಿನ್ನೆ ಮೊನ್ನೆಯ ಕಾಯಿಲೆ ಅಲ್ಲ ಸ್ವಾಮಿ. ಎಲ್ಲರೂ ತಲೆ ಮೇಲೆ ಹೊತ್ತು ಮೆರೆಸೋ 1941ರ ಮಾಲ್ಟೀಸ್ ಫಾಲ್ಕನ್ ಒಂದೇ ಕಾದಂಬರಿಯ ಮೂರನೇ ಚಿತ್ರ. 1931ರಲ್ಲಿ ಒಂದು, 1936ರಲ್ಲಿ ಹೆಸರು ಬದಲಿಸಿ ಇನ್ನೊಂದು, ಮೂರೂ ಒಂದೇ ಸ್ಟುಡಿಯೊ. ಟೆನ್ ಕಮಾಂಡ್‌ಮೆಂಟ್ಸ್ ತೆಗೆದ ಡಿಮಿಲ್ ಅದನ್ನು 1923ರಲ್ಲೂ ತೆಗೆದಿದ್ದ, 1956ರಲ್ಲೂ ತೆಗೆದ. ಎ ಸ್ಟಾರ್ ಈಸ್ ಬಾರ್ನ್ 1937, 1954, 1976, 2018, ಒಟ್ಟು ನಾಲ್ಕು ಸಲ. 1939ರ ವಿಜರ್ಡ್ ಆಫ್ ಓಜ್‌ಗೂ ಮೊದಲು 1925ರಲ್ಲಿ ಮೂಕಿ ಓಜ್ ಬಂದಿತ್ತು. ಕ್ಯಾಸಬ್ಲಾಂಕ ಕೂಡ ಆಗಿನ್ನೂ ರಂಗಕ್ಕೇ ಬಾರದಿದ್ದ ಒಂದು ನಾಟಕದಿಂದ ಬಂದದ್ದು. ಆ ಕಾಲದ ಪ್ರತಿ ಸ್ಟುಡಿಯೊದಲ್ಲೂ ಕಥಾ ವಿಭಾಗ ಅಂತ ಇತ್ತು. ಕಾದಂಬರಿ, ನಾಟಕ, ಪತ್ರಿಕೆ ಕಥೆ ಓದಿ ಹಕ್ಕು ಕೊಳ್ಳೋದೇ ಅವರ ಕೆಲಸ.

ಶಾಯಿಪೆನ್ನು
ಕಡೇಶೋ ಹೇಳಿದ್ದು ಸರಿ. ಆದರೆ ಒಂದು ಲೆಕ್ಕ ಬಿಟ್ಟಿದ್ದೀರಿ. ಆಗ ಒಂದೊಂದು ದೊಡ್ಡ ಸ್ಟುಡಿಯೊ ವರ್ಷಕ್ಕೆ 40-50 ಚಿತ್ರ ತೆಗೀತಿತ್ತು. ಥಿಯೇಟರುಗಳೂ ಅವರದ್ದೇ. 1948ರ ಸುಪ್ರೀಂ ಕೋರ್ಟ್ ತೀರ್ಪು ಬಂದು ಥಿಯೇಟರ್ ಮಾರಬೇಕಾಯಿತು ನೋಡಿ, ಅಲ್ಲಿ ತನಕ ವಾರವಾರ ಪರದೆ ತುಂಬಿಸಲೇಬೇಕಿತ್ತು. ಐವತ್ತರಲ್ಲಿ ಇಪ್ಪತ್ತು ಹಳೇ ಸರಕಾದರೂ ಮೂವತ್ತರಲ್ಲಿ ಯಾರಾದರೂ ಏನಾದರೂ ಮಾಡಿ ನೋಡಬಹುದಿತ್ತು. ಈಗ ಬಿಡುಗಡೆಯೇ ಹತ್ತು-ಹದಿನೈದು. ಹದಿನೈದರಲ್ಲಿ ಹನ್ನೆರಡು ಸೀಕ್ವೆಲ್ ಆದರೆ ಉಳಿದದ್ದೆಷ್ಟು?

ಇನ್ನೊಂದು ಮಾತು. ಕಾದಂಬರಿಯಿಂದ ಚಿತ್ರ ತೆಗೆಯೋದೂ ಚಿತ್ರದಿಂದ ಚಿತ್ರ ತೆಗೆಯೋದೂ ಒಂದೇ ಅಲ್ಲ. ಮೊದಲನೇದರಲ್ಲಿ ದೃಶ್ಯವನ್ನು ಹೊಸದಾಗಿ ಕಟ್ಟಬೇಕು. ಎರಡನೇದು ನಿನ್ನೆಯ ಅನ್ನಕ್ಕೆ ಇವತ್ತು ಒಗ್ಗರಣೆ.

ಹುಬ್ಳಿ_ರೀಲು
ಚಿತ್ರಾನ್ನಕ್ಕ ಬೈಬ್ಯಾಡ್ರಿ. ಛಲೋ ಮಾಡಿದ್ರ ಅದೂ ರುಚಿನ.

ಮೂರನೇಗಂಟೆ
ಲೆಕ್ಕ ಅಂದ್ರಲ್ಲ, ಪೂರ್ತಿ ಲೆಕ್ಕ ಹಾಕಿಬಿಡೋಣ. ಎಲ್ಲಾ ಅಂದಾಜಿನ ಅಂಕಿ. ಆದರೆ ವ್ಯವಹಾರದಲ್ಲಿರೋರು ಹಾಕೋದೂ ಹೀಗೇ.

ಒಂದು ಚಿತ್ರಕ್ಕೆ 10 ಕೋಟಿ ಡಾಲರ್ ಖರ್ಚು ಅಂದ್ಕೊಳ್ಳಿ. ಪ್ರಚಾರಕ್ಕೆ ಇನ್ನೊಂದು 8 ಕೋಟಿ. ಪ್ರಚಾರದ ದುಡ್ಡು ಆ 10ರ ಒಳಗೆ ಸೇರಿರೋಲ್ಲ, ಬಹಳ ಜನ ಇಲ್ಲೇ ಎಡವೋದು. ಜಗತ್ತಿನಾದ್ಯಂತ 25 ಕೋಟಿ ಗಳಿಸಿತು ಅಂತ ಸುದ್ದಿ ಬರುತ್ತೆ, ಜನ ಹಿಟ್ ಅಂತಾರೆ. ಆ 25ರಲ್ಲಿ ಅಮೆರಿಕ-ಕೆನಡಾ 12. ಅದರಲ್ಲಿ ಸುಮಾರು ಅರ್ಧ ಥಿಯೇಟರಿನವರಿಗೆ, ಸ್ಟುಡಿಯೊ ಕೈಗೆ 6. ಹೊರದೇಶ 13. ಅಲ್ಲಿ ನೂರಕ್ಕೆ 40 ಸಿಕ್ಕರೆ 5.2. ಚೀನಾದಲ್ಲಾದರೆ ನೂರಕ್ಕೆ 25 ಮಾತ್ರ. ಒಟ್ಟು ಕೈಗೆ ಬಂದದ್ದು 11.2 ಕೋಟಿ, ಹೋದದ್ದು 18 ಕೋಟಿ. "ಹಿಟ್" ಚಿತ್ರ ಥಿಯೇಟರ್ ಬಾಗಿಲಲ್ಲಿ 6.8 ಕೋಟಿ ಗುಂಡಿಯಲ್ಲಿದೆ. ಖರ್ಚಿನ ಎರಡೂವರೆ ಪಟ್ಟು ಗಳಿಸಿದರೆ ಗೆದ್ದ ಹಾಗೆ ಅಂತಾರಲ್ಲ, ಆ ಎರಡೂವರೆ ಪಟ್ಟಿನಲ್ಲೂ ಗುಂಡಿ ಮುಚ್ಚೋದು ಆಮೇಲೆ ಬರೋ ಓಟಿಟಿ, ಟೀವಿ ದುಡ್ಡಿನಿಂದ.

ಈಗ ಅದೇ 8 ಕೋಟಿ ಪ್ರಚಾರ ನೋಡಿ. ಹೊಸ ಕಥೆಗೆ ಅದು ಎರಡು ಕೆಲಸ ಮಾಡ್ಬೇಕು: ಇದು ಏನು ಅಂತ ಹೇಳ್ಬೇಕು, ಯಾವಾಗ ಬರುತ್ತೆ ಅಂತ ಹೇಳ್ಬೇಕು. ಮುಂದುವರಿದ ಭಾಗಕ್ಕೆ ಎರಡನೇದು ಸಾಕು. ಮೊದಲನೇ ಕೆಲಸ ಹಳೇ ಚಿತ್ರ ಮಾಡಿಟ್ಟಿರುತ್ತೆ, ಅದೂ ಪುಗಸಟ್ಟೆ. ಹೊಸ ಕಥೆ ಬೇಡ ಅನ್ನೋ ದ್ವೇಷ ಯಾರಿಗೂ ಇಲ್ಲ. ಮೊದಲ ಶುಕ್ರವಾರ ಥಿಯೇಟರ್ ಖಾಲಿ ಹೊಡೆದರೆ ಅನ್ನೋ ಭಯ ಅಷ್ಟೇ.

ಗಾಂಧಿಕ್ಲಾಸ್
ಹಾಗಾದ್ರೆ ಕಡಿಮೆ ದುಡ್ಡಲ್ಲಿ ತೆಗೀಲಿ ಗುರು. 10 ಕೋಟಿ ಯಾಕೆ ಬೇಕು? ಗೆಟ್ ಔಟ್ 45 ಲಕ್ಷ ಡಾಲರ್ ಚಿತ್ರ. 25 ಕೋಟಿ ದಾಟಿತು.

ಮೂರನೇಗಂಟೆ
ಹಾರರ್‌ಗೆ ಅದು ನಡೆಯುತ್ತೆ. ಒಂದು ಮನೆ, ಆರು ಜನ, ಕತ್ತಲು. ಅದಕ್ಕೇ ಹೊಸ ಕಥೆ ಇವತ್ತಿಗೂ ಉಸಿರಾಡ್ತಿರೋದು ಹಾರರ್‌ನಲ್ಲಿ. ಸತ್ತಿದ್ದು ನಡುವಿನ ಚಿತ್ರ: 2ರಿಂದ 6 ಕೋಟಿ ಡಾಲರ್‌ನ ಕೋರ್ಟ್ ಕಥೆ, ಪ್ರೇಮದ ಹಾಸ್ಯ, ದೊಡ್ಡವರ ಸಂಸಾರದ ಕಥೆ. ಅವನ್ನು ಸಾಕ್ತಿದ್ದದ್ದು ಡಿವಿಡಿ. ಡಿಸ್ಕ್ ಒತ್ತೋಕೆ ಪುಡಿಗಾಸು, ಮಾರಿದ್ದರಲ್ಲಿ ದೊಡ್ಡ ಪಾಲು ನೇರ ಸ್ಟುಡಿಯೊಗೆ. ಥಿಯೇಟರಲ್ಲಿ ಸೋತರೂ ಆರು ತಿಂಗಳಾದ ಮೇಲೆ ಎರಡನೇ ಬಿಡುಗಡೆ ಆದ ಹಾಗೆ. 2000ರ ದಶಕದ ನಡುವಲ್ಲಿ ಆ ಮಾರಾಟ ತುತ್ತತುದಿಗೆ ಹೋಗಿ ಆಮೇಲೆ ಇಳೀತಾ ಬಂತು. ಇದನ್ನ ನಟ ಮ್ಯಾಟ್ ಡೇಮನ್ 2021ರಲ್ಲಿ ಖಾರದ ಚಿಕನ್ ತಿನ್ನುತ್ತಾ ಮಾತಾಡೋ ಆ ಕಾರ್ಯಕ್ರಮದಲ್ಲಿ ಕೂತು ಚೆನ್ನಾಗಿ ಬಿಡಿಸಿ ಹೇಳಿದ್ದ.

ಓಟಿಟಿ ಆ ಜಾಗ ತುಂಬಲಿಲ್ಲವಾ ಅಂತ ಕೇಳ್ತೀರಿ. ಅವರು ಸಾಮಾನ್ಯವಾಗಿ ಖರ್ಚಿನ ಮೇಲೆ ಇಷ್ಟು ಅಂತ ಸೇರಿಸಿ ಒಂದೇ ಸಲ ಕೊಟ್ಟುಬಿಡ್ತಾರೆ. ಚಿತ್ರ ಓಡಿದರೂ ಅಷ್ಟೇ, ಮಲಗಿದರೂ ಅಷ್ಟೇ. ಹೆಚ್ಚುವರಿ ಪಾಲು ಇಲ್ಲ. ಜೂಜಿಗೆ ಕೂರೋಕೆ ಕಾರಣವೇ ಉಳಿಯಲಿಲ್ಲ.

ಕರಾವಳಿ_ಪ್ರೇಕ್ಷಕ
ಎಲ್ಲ ದುಡ್ಡಿನ ಮೇಲೆ ಹಾಕಬೇಡಿ ಮಾರಾಯ್ರೆ. ಹಕ್ಕಿನ ಗಡುವು ಅಂತ ಒಂದು ಉಂಟು. ಎಷ್ಟೋ ಚಿತ್ರ ಬರುವುದು ಯಾರಿಗೋ ತೆಗೆಯುವ ಆಸೆ ಆದದ್ದಕ್ಕಲ್ಲ, ತೆಗೆಯದಿದ್ದರೆ ಹಕ್ಕು ಕೈ ತಪ್ಪುತ್ತದೆ ಎಂದು.

ಒಳ್ಳೆ ಉದಾಹರಣೆ ಮಾರ್ವೆಲ್ ಕಾಮಿಕ್ಸ್‌ನ ಫೆಂಟಾಸ್ಟಿಕ್ ಫೋರ್. ಹಕ್ಕು ಇದ್ದದ್ದು ಜರ್ಮನಿಯ ಕಾನ್‌ಸ್ಟಾಂಟಿನ್ ಎಂಬ ಸಂಸ್ಥೆಯ ಹತ್ತಿರ. 1992ರ ಡಿಸೆಂಬರ್ 31ರೊಳಗೆ ಚಿತ್ರೀಕರಣ ಶುರುವಾಗದಿದ್ದರೆ ಹಕ್ಕು ಖತಂ. ಅವರು ಅಗ್ಗದ ಚಿತ್ರಗಳ ನಿರ್ಮಾಪಕ ರಾಜರ್ ಕಾರ್ಮನ್‌ನನ್ನು ಹಿಡಿದು, ಸುಮಾರು 10 ಲಕ್ಷ ಡಾಲರ್‌ನಲ್ಲಿ, ವರ್ಷ ಮುಗಿಯಲು ಮೂರ್ನಾಲ್ಕು ದಿನ ಇರುವಾಗ ಕ್ಯಾಮೆರಾ ತಿರುಗಿಸಿದರು. ಚಿತ್ರ ಮುಗಿಯಿತು, ಟ್ರೇಲರ್ ಕೂಡ ಬಂತು, ಬಿಡುಗಡೆ ಮಾತ್ರ ಆಗಲೇ ಇಲ್ಲ. ಹಕ್ಕು ಉಳಿಯಿತಲ್ಲ, ಸಾಕು. 2005ರ ದೊಡ್ಡ ಚಿತ್ರ ಬಂದದ್ದು ಅದೇ ಉಳಿದ ಹಕ್ಕಿನಿಂದ.

ಸ್ಪೈಡರ್‌ಮ್ಯಾನ್‌ಗೂ ಹೀಗೆಯೇ. ಸೋನಿ ಒಂದು ಚಿತ್ರ ಬಿಟ್ಟ ಮೇಲೆ 3 ವರ್ಷ 9 ತಿಂಗಳೊಳಗೆ ಮುಂದಿನದರ ಚಿತ್ರೀಕರಣ, 5 ವರ್ಷ 9 ತಿಂಗಳೊಳಗೆ ಬಿಡುಗಡೆ, ಇಲ್ಲದಿದ್ದರೆ ಹಕ್ಕು ಮಾರ್ವೆಲ್‌ಗೆ ವಾಪಸ್. ಸೋರಿಕೆಯಾದ ಕರಾರು ಪತ್ರದಲ್ಲಿ ಇದ್ದ ಷರತ್ತು ಇದು. ಮೂರನೇ ಚಿತ್ರ 2007ರ ಮೇ, ಹೊಸ ನಟನನ್ನು ಹಾಕಿ ಮತ್ತೆ ಮೊದಲಿನಿಂದ ಶುರು ಮಾಡಿದ್ದು 2012ರ ಜುಲೈ. ಕ್ಯಾಲೆಂಡರ್ ಎದುರಿಗೆ ಇಟ್ಟು ಎಣಿಸಿ ನೋಡಿ.

ಟೂರಿಂಗ್‌ಟಾಕೀಸ್
ಎಣಿಸಿದೆ. 5 ವರ್ಷ 2 ತಿಂಗಳು. ಜೇಡ ಕಚ್ಚೋ ದೃಶ್ಯ ಹತ್ತು ವರ್ಷದಲ್ಲಿ ಎರಡು ಸಲ ನೋಡಿದ್ದು ಯಾಕೆ ಅಂತ ಈಗ ಗೊತ್ತಾಯ್ತು.

ಶಾಯಿಪೆನ್ನು
ಹಕ್ಕಿನ ವಿಷಯ ಬಂತಲ್ಲ, ಇದರ ಉಲ್ಟಾ ಬದಿಯೂ ಇದೆ. ಅಮೆರಿಕದ ಕೃತಿಸ್ವಾಮ್ಯ ಕಾನೂನಿನ 203ನೇ ಕಲಮಿನ ಪ್ರಕಾರ, 1978ರಿಂದ ಈಚೆಗೆ ಲೇಖಕ ಬರೆದುಕೊಟ್ಟ ಹಕ್ಕನ್ನು 35 ವರ್ಷ ಕಳೆದ ಮೇಲೆ ವಾಪಸ್ ಕೇಳಬಹುದು. ನೋಟಿಸನ್ನು ಮುಂಚೆಯೇ ಕೊಡಬೇಕು: ಕನಿಷ್ಠ 2 ವರ್ಷ, ಗರಿಷ್ಠ 10 ವರ್ಷ. ಹಳೇ ಚಿತ್ರವನ್ನು ಸ್ಟುಡಿಯೊ ತೋರಿಸಿಕೊಂಡು ಇರಬಹುದು, ಹೊಸ ಭಾಗ ತೆಗೆಯುವಂತಿಲ್ಲ. ಅದೂ ಅಮೆರಿಕದೊಳಗೆ ಮಾತ್ರ. ಸಂಬಳಕ್ಕೆ ಬರೆದುಕೊಟ್ಟ ಕೆಲಸಕ್ಕೆ ಈ ಹಕ್ಕು ಇಲ್ಲ. ಜಗಳವೆಲ್ಲ ಅಲ್ಲೇ: ಬರೆದವನು ನೌಕರನೋ, ಹೊರಗಿನವನೋ?

ಫ್ರೈಡೇ ದ 13ತ್ ಬರೆದ ವಿಕ್ಟರ್ ಮಿಲ್ಲರ್ 2021ರಲ್ಲಿ ಮೇಲ್ಮನವಿ ಕೋರ್ಟಿನಲ್ಲಿ ಗೆದ್ದ. ಬರಹಗಾರರ ಸಂಘದ ಸದಸ್ಯ ಅನ್ನೋ ಕಾರಣಕ್ಕೆ ನೌಕರ ಆಗೋಲ್ಲ ಅಂತ ಕೋರ್ಟ್ ಹೇಳಿತು. ಆ ಸರಣಿಯಲ್ಲಿ 2009ರ ಚಿತ್ರವೇ ಕೊನೆಯದು, ಜಗಳ ಶುರುವಾದ ಮೇಲೆ ಥಿಯೇಟರಿಗೆ ಹೊಸದು ಬಂದಿಲ್ಲ. ಅಂದರೆ ಸೀಕ್ವೆಲ್ ಬರಿಸೋದೂ ಕಾನೂನು, ನಿಲ್ಲಿಸೋದೂ ಕಾನೂನು.

ಕಡೇಶೋ
ಟಾಪ್ ಗನ್ ಕೇಸೂ ಇದೇ ಅಲ್ವಾ? ಅಲ್ಲಿ ಲೇಖಕನ ಮನೆಯವರು ಗೆದ್ದರು.

ಶಾಯಿಪೆನ್ನು
ಗೆಲ್ಲಲಿಲ್ಲ. ಮೂಲ 1983ರ ಪತ್ರಿಕಾ ಲೇಖನ. ಮನೆಯವರು 2020ಕ್ಕೆ ಹಕ್ಕು ವಾಪಸ್ ಪಡೆದದ್ದು ನಿಜ. 2022ರಲ್ಲಿ ಹೊಸ ಚಿತ್ರ ಬಂದಾಗ ಕೇಸ್ ಹಾಕಿದ್ದೂ ನಿಜ. ಆದರೆ 2024ರಲ್ಲಿ ಕೋರ್ಟ್ ಪ್ಯಾರಾಮೌಂಟ್ ಪರ ತೀರ್ಪು ಕೊಟ್ಟಿತು. ನೌಕಾದಳದ ತರಬೇತಿ ಶಾಲೆ ಇದೆ, ಪೈಲಟ್‌ಗಳು ಹೀಗೆ ಹಾರಿಸುತ್ತಾರೆ ಅನ್ನೋದು ಸಂಗತಿ. ಸಂಗತಿಗೆ ಯಾರೂ ಒಡೆಯರಲ್ಲ.

ಗಾಂಧಿಕ್ಲಾಸ್
ಹಕ್ಕು ಇಲ್ಲದ ಕಾಲ ಬಂದ್ರೆ ಎಲ್ಲರೂ ಹೊಸದು ಮಾಡ್ತಾರೆ ಅಂದ್ಕೊಂಡ್ರಾ? 2022ರಲ್ಲಿ ವಿನಿ ದ ಪೂ ಪುಸ್ತಕ ಸಾರ್ವಜನಿಕ ಸ್ವತ್ತಾಯ್ತು, ಮರುವರ್ಷವೇ ಆ ಕರಡಿನ ಕೊಲೆಗಾರ ಮಾಡಿ ಹಾರರ್ ಬಿಟ್ರು. ಹಾಲಿವುಡ್ ಬುದ್ಧಿ.

ಕರಾವಳಿ_ಪ್ರೇಕ್ಷಕ
ಅದು ಬ್ರಿಟಿಷರ ಚಿತ್ರ. ಹಾಲಿವುಡ್‌ಗೆ ಅವರದ್ದೇ ಪಾಪ ಬೇಕಾದಷ್ಟು ಉಂಟು, ಬೇರೆಯವರದ್ದು ಹೊರಿಸಬೇಡಿ.

ಕಥೆಗಾರ_ಅಲ್ಲ
ಮೂಲ ಪ್ರಶ್ನೆ ಇದ್ದದ್ದು ಬರೆದದ್ದು ಎಲ್ಲಿ ಸಿಕ್ಕಿಕೊಳ್ಳುತ್ತೆ ಅಂತ. ಆ ದಾರಿ ಹಿಡಿದು ನಡೀರಿ.

ಸ್ಕ್ರಿಪ್ಟ್ ಮೊದಲು ಹೋಗೋದು ಓದುಗನ ಕೈಗೆ. ಅವನು ಪುಟವೆರಡು ಪುಟ ಸಾರಾಂಶ, ಅರ್ಧ ಪುಟ ಅಭಿಪ್ರಾಯ ಬರೆದು ಕೊನೆಗೆ ಮೂರರಲ್ಲಿ ಒಂದಕ್ಕೆ ಗುರುತು ಹಾಕ್ತಾನೆ: ಪಾಸ್, ಕನ್ಸಿಡರ್, ರೆಕಮೆಂಡ್. ಅಲ್ಲಿ ಪಾಸ್ ಅಂದರೆ ಫೇಲ್. ಬಹುತೇಕ ಸ್ಕ್ರಿಪ್ಟ್‌ಗೆ ಸಿಗೋದು ಅದೇ. ಮೇಲಿನವರು ಓದೋದು ಸ್ಕ್ರಿಪ್ಟ್ ಅಲ್ಲ, ಈ ವರದಿ. ಒಂದು ಸಾಲಲ್ಲಿ ಹೇಳೋಕಾಗದ ಕಥೆ ಇಲ್ಲೇ ಉದುರಿಹೋಗುತ್ತೆ.

ದಾಟಿದರೆ ಆಪ್ಷನ್. ಪೂರ್ತಿ ಬೆಲೆಯ ಸುಮಾರು ನೂರಕ್ಕೆ 10 ಕೊಟ್ಟು ಒಂದು, ಒಂದೂವರೆ ವರ್ಷ ಕಾದಿರಿಸೋದು. ಆಮೇಲೆ ತಿದ್ದುಪಡಿ. ಒಬ್ಬ ಬರೆದದ್ದನ್ನ ಇನ್ನೊಬ್ಬ, ಅವನದ್ದನ್ನ ಮತ್ತೊಬ್ಬ. ಪ್ರತಿಯೊಬ್ಬನ ಸಂಬಳವೂ ಆ ಸ್ಕ್ರಿಪ್ಟಿನ ತಲೆ ಮೇಲೆ ಸಾಲವಾಗಿ ಕೂರುತ್ತೆ. ಸ್ಟುಡಿಯೊ ಕೈ ಬಿಟ್ಟರೆ ಬೇರೆಯವರು ಕೊಳ್ಳಬಹುದು. ಟರ್ನ್‌ಅರೌಂಡ್ ಅಂತಾರೆ ಅದಕ್ಕೆ. ಆದರೆ ಅಲ್ಲೀತನಕದ ಖರ್ಚು, ಮೇಲೆ ಬಡ್ಡಿ ಕಟ್ಟಬೇಕು. ಒಳ್ಳೇ ಕಥೆಯೊಂದು ಐದು ಜನ ತಿದ್ದಿ ಹಾಳಾಗಿ, ಮೇಲೆ ಹತ್ತಾರು ಲಕ್ಷ ಡಾಲರ್ ಸಾಲ ಹೊತ್ತು ನಿಂತಿದ್ದರೆ ಯಾರು ಮುಟ್ಟುತ್ತಾರೆ? ಬರಹಗಾರರು ಬತ್ತಿಹೋಗಿಲ್ಲ ಅನ್ನೋಕೆ ಸಾಕ್ಷಿ ಬೇಕಾದರೆ ಬ್ಲ್ಯಾಕ್ ಲಿಸ್ಟ್ ನೋಡಿ. ಚಿತ್ರವಾಗದ, ಆದರೆ ಓದಿದವರಿಗೆ ಹಿಡಿಸಿದ ಸ್ಕ್ರಿಪ್ಟ್‌ಗಳ ಪಟ್ಟಿ. 2005ರಿಂದ ವರ್ಷಾ ವರ್ಷಾ ಬರ್ತಿದೆ.

ಎಲ್ಲ ದಾಟಿ ಚಿತ್ರವಾದರೆ ಪರೀಕ್ಷಾ ಪ್ರದರ್ಶನ. ಮುನ್ನೂರು ನಾನ್ನೂರು ಜನರನ್ನ ಕೂರಿಸಿ ಚಿತ್ರ ತೋರಿಸಿ ಕಾರ್ಡ್ ತುಂಬಿಸೋದು. ನೋಡೋದು ಎರಡೇ ಅಂಕಿ: "ಅತ್ಯುತ್ತಮ", "ಬಹಳ ಚೆನ್ನಾಗಿದೆ" ಎರಡೂ ಸೇರಿ ನೂರಕ್ಕೆ ಎಷ್ಟು, ಮತ್ತು "ಖಂಡಿತ ಬೇರೆಯವರಿಗೆ ಹೇಳ್ತೀನಿ" ಅಂದವರು ಎಷ್ಟು. ಕಡಿಮೆ ಬಂದರೆ ಕತ್ತರಿ. ಫೇಟಲ್ ಅಟ್ರಾಕ್ಷನ್‌ನ ಅಂತ್ಯ ಬದಲಾದದ್ದು ಹೀಗೆ. ಅದು ವ್ಯಾಪಾರಕ್ಕೆ ಲಾಭ ಆಯ್ತು ಅನ್ನೋದೇ ಸಮಸ್ಯೆ. ಒಂದು ಸಲ ಗೆದ್ದ ಕತ್ತರಿ ಕೆಳಗಿಡೋರು ಯಾರು?

ಹಿನ್ನೆಲೆಸಂಗೀತ
ಸಂಗೀತ ಯಾಕೆ ಎಲ್ಲಾ ಒಂದೇ ಥರ ಕೇಳುತ್ತೆ ಅಂತ ಯಾರೂ ಹೇಳಲಿಲ್ಲ. ಎಡಿಟಿಂಗ್ ಮಾಡುವಾಗ ಮೌನದ ಮೇಲೆ ದೃಶ್ಯ ಕಟ್ ಮಾಡೋದು ಕಷ್ಟ. ಹಾಗಾಗಿ ಬೇರೆ ಚಿತ್ರದ ಸಂಗೀತ ತಾತ್ಕಾಲಿಕವಾಗಿ ಹಾಕ್ತಾರೆ. ಟೆಂಪ್ ಟ್ರ್ಯಾಕ್. ನಿರ್ದೇಶಕ ಆರು ತಿಂಗಳು ಅದನ್ನೇ ಕೇಳ್ತಾನೆ, ಕಟ್‌ಗಳು ಅದರ ತಾಳಕ್ಕೇ ಕೂತಿರ್ತವೆ. ಕಡೆಗೆ ಸಂಗೀತಗಾರ ಬಂದಾಗ ಅವನಿಗೆ ಸಿಗೋದು ಕೆಲವೇ ವಾರ, ಮತ್ತು ಒಂದೇ ಸೂಚನೆ: ಇದರ ಹಾಗೇ ಇರಲಿ, ಆದರೆ ಇದೇ ಆಗಿರಬಾರದು. 300 ಅನ್ನೋ ಹೆಸರಿನ ಚಿತ್ರದ ಸಂಗೀತದ ಕೆಲವು ಭಾಗ ಟೈಟಸ್ ಚಿತ್ರದ್ದಕ್ಕೆ ಎಷ್ಟು ಹತ್ತಿರ ಹೋಯ್ತು ಅಂದರೆ ವಾರ್ನರ್ ಬ್ರದರ್ಸ್ ಬಹಿರಂಗವಾಗಿ ಒಪ್ಪಿಕೊಂಡು ಹೇಳಿಕೆ ಕೊಡಬೇಕಾಯ್ತು. ನಿರ್ದೇಶಕ ಕುಬ್ರಿಕ್ ಇನ್ನೂ ಒಂದು ಹೆಜ್ಜೆ ಮುಂದೆ: ತನ್ನ "2001" ಅನ್ನೋ ಚಿತ್ರಕ್ಕೆ ಅಲೆಕ್ಸ್ ನಾರ್ತ್ ಬರೆದ ಸಂಗೀತವನ್ನೇ ಬಿಸಾಕಿ ಟೆಂಪ್‌ಗೆ ಹಾಕಿದ್ದ ಶಾಸ್ತ್ರೀಯ ಸಂಗೀತ ಉಳಿಸಿಕೊಂಡ. ಅದು ಮಾತ್ರ ಚೆನ್ನಾಗೇ ಇದೆ, ಏನ್ ಮಾಡೋದು.

ಹುಬ್ಳಿ_ರೀಲು
ಅಲ್ರಿ, ರೀಮೇಕ್ ಬಗ್ಗೆ ಕನ್ನಡದವ್ರು ಮಾತಾಡಾಕತ್ತೀವಿ ಅಂದ್ರ ನಗು ಬರ್ತದ. ಗಾಂಧಿನಗರದಾಗ ಎಷ್ಟು ವರ್ಷ ಬರೇ ರೀಮೇಕೇ ನಡದಿತ್ತು?

ಗಾಂಧಿಕ್ಲಾಸ್
ನಮ್ಮ ಯೂ ಟರ್ನ್ 2016ರದ್ದು, ತಮಿಳು-ತೆಲುಗು ಆಯ್ತು, ಹಿಂದಿ ಆಯ್ತು, ಫಿಲಿಪ್ಪೀನ್ಸ್‌ನಲ್ಲೂ ತೆಗೆದ್ರು. ಕೊಟ್ಟೂ ಇದೀವಿ.

ನಿರ್ವಾಹಕ
ಗಾಂಧಿನಗರಕ್ಕೆ ಬೇರೆ ಎಳೆ ಇದೆ, 400 ಉತ್ತರ ದಾಟಿದೆ, ಅಲ್ಲಿ ಹೋಗಿ ಹೊಡೆದಾಡಿ. ಇಲ್ಲಿ ಹಾಲಿವುಡ್.

ಶಾಯಿಪೆನ್ನು
"ಹೊಸದು" ಅಂದರೇನು ಅನ್ನೋದೇ ಅಲ್ಲಿ ಇತ್ಯರ್ಥವಾಗಿಲ್ಲ. ಆಸ್ಕರ್ ನಿಯಮದಲ್ಲಿ ಮುಂದುವರಿದ ಭಾಗ ಎಲ್ಲವೂ ರೂಪಾಂತರ. ಟಾಪ್ ಗನ್ ಮ್ಯಾವರಿಕ್ ಸ್ಪರ್ಧಿಸಿದ್ದು ರೂಪಾಂತರ ವಿಭಾಗದಲ್ಲಿ. ವಿಪ್‌ಲ್ಯಾಶ್ ಕೂಡ ಅಲ್ಲೇ! ದುಡ್ಡು ಹೊಂದಿಸೋಕೆ ಅದೇ ನಿರ್ದೇಶಕ ತನ್ನ ಸ್ಕ್ರಿಪ್ಟಿನ ಒಂದು ತುಣುಕನ್ನ ಮೊದಲು ಕಿರುಚಿತ್ರ ಮಾಡಿದ್ದ, ಅದು ತಪ್ಪಾಯ್ತು. ಬಾರ್ಬಿಯನ್ನ ಬರಹಗಾರರ ಸಂಘ ಸ್ವಂತ ಕಥೆ ಅಂತು, ಆಸ್ಕರ್‌ನವರು ರೂಪಾಂತರ ಅಂದರು.

ಟೈಟಲ್ ಕಾರ್ಡ್ ಓದೋದು ಕಲಿತರೆ ಅರ್ಧ ಕಥೆ ಗೊತ್ತಾಗುತ್ತೆ. "ರಿಟನ್ ಬೈ" ಅಂತ ಒಂದೇ ಇದ್ದರೆ ಕಥೆ, ಚಿತ್ರಕಥೆ ಎರಡೂ ಅವರದ್ದೇ. "ಸ್ಟೋರಿ ಬೈ" ಬೇರೆ, "ಸ್ಕ್ರೀನ್‌ಪ್ಲೇ ಬೈ" ಬೇರೆ ಇದ್ದರೆ ಕೈ ಬದಲಾಗಿದೆ ಅಂತ ಅರ್ಥ. "ಸ್ಕ್ರೀನ್ ಸ್ಟೋರಿ" ಅಂತ ಇದ್ದರೆ ಬೇರೊಂದು ಮೂಲ ಇತ್ತು, ಅದರ ಮೇಲೆ ಹೊಸದಾಗಿ ಕಟ್ಟಿದ್ದಾರೆ. ಎರಡು ಹೆಸರಿನ ನಡುವೆ ಆಂಪರ್‌ಸ್ಯಾಂಡ್ (&) ಗುರುತು ಇದ್ದರೆ ಇಬ್ಬರೂ ಜೋಡಿಯಾಗಿ ಬರೆದರು. ಅದರ ಬದಲು "ಆಂಡ್" ಅಂತ ಅಕ್ಷರದಲ್ಲಿದ್ದರೆ ಒಬ್ಬ ಬರೆದದ್ದನ್ನ ಇನ್ನೊಬ್ಬ ತಿದ್ದಿದ. ಇಬ್ಬರೂ ಮುಖಾಮುಖಿ ಆಗಿರದೇ ಇರಬಹುದು.

ಹೆಸರು ಯಾರಿಗೆ ಅಂತ ತಕರಾರು ಬಂದರೆ ಸಂಘದ ಪಂಚಾಯ್ತಿ. ಸ್ವಂತ ಕಥೆಯಾದರೆ ನಂತರ ಬಂದವನು ಅರ್ಧದಷ್ಟು ಬದಲಿಸಿರಬೇಕು, ಆಗಲೇ ಚಿತ್ರಕಥೆಗೆ ಅವನ ಹೆಸರು. ರೂಪಾಂತರವಾದರೆ ನೂರಕ್ಕೆ 33 ದಾಟಿದರೆ ಸಾಕು. ಮೊದಲು ಬರೆದವನಿಗೆ ಇರೋ ಕಾವಲು ಇದೊಂದು. ಹೆಸರಿನ ಹಿಂದೆಯೇ ಮರುಪ್ರಸಾರದ ದುಡ್ಡು ಬರುತ್ತೆ, ಅದಕ್ಕೇ ಇಷ್ಟು ಜಗಳ.

ಮೂರನೇಗಂಟೆ
ಒಪ್ಪಿದೆ, ಆದರೆ ಪೂರ್ತಿ ಕತ್ತಲೆ ಅನ್ನಬೇಡಿ. 2025ರ ಏಪ್ರಿಲ್‌ನಲ್ಲಿ ಸಿನರ್ಸ್ ಬಂತು. ನಿರ್ದೇಶಕ ರಯಾನ್ ಕೂಗ್ಲರ್‌ನ ಸ್ವಂತ ಕಥೆ, 9-10 ಕೋಟಿ ಡಾಲರ್ ಖರ್ಚು, 36 ಕೋಟಿ ದಾಟಿದ ಗಳಿಕೆ. ಆಗಸ್ಟ್‌ನಲ್ಲಿ ವೆಪನ್ಸ್, ಸುಮಾರು 3.8 ಕೋಟಿಯಲ್ಲಿ ತೆಗೆದದ್ದು 26 ಕೋಟಿ ದಾಟಿತು. ಎರಡೂ ವಾರ್ನರ್ ಬ್ರದರ್ಸ್.

ಸಿನರ್ಸ್‌ನಲ್ಲಿ ಗಮನಿಸಬೇಕಾದ್ದು ಗಳಿಕೆಗಿಂತ ಕರಾರು. ಮೊದಲ ಡಾಲರಿನಿಂದಲೇ ಪಾಲು, ಕೊನೇ ಕಟ್ ಅಂದರೆ ಚಿತ್ರದ ಅಂತಿಮ ರೂಪದ ತೀರ್ಮಾನ ಅವನದ್ದೇ, 25 ವರ್ಷ ಆದ ಮೇಲೆ ಚಿತ್ರದ ಒಡೆತನವೇ ಅವನಿಗೆ ವಾಪಸ್. ಬೇರೆ ಸ್ಟುಡಿಯೊದವರು ಬೆವರಿದ್ದು ಈ ಮೂರನೇದಕ್ಕೆ. ಸ್ಟುಡಿಯೊದ ನಿಜವಾದ ಆಸ್ತಿ ಹಳೇ ಚಿತ್ರಗಳ ಗೋದಾಮು. ರೀಮೇಕ್, ಸೀಕ್ವೆಲ್, ಥೀಮ್ ಪಾರ್ಕ್ ಎಲ್ಲಾ ಅಲ್ಲಿಂದಲೇ ಹೊರಡೋದು. ಹೊಸ ಕಥೆ ತಂದವನು ಒಡೆತನವನ್ನೂ ಕೇಳಿದರೆ ಗೋದಾಮು ತುಂಬೋದು ಹೇಗೆ?

ಕಡೇಶೋ
ಎರಡೂ ರಕ್ತಪಾತದ ಚಿತ್ರ. ನೀವೇ ಹೇಳಿದ್ದಿರಿ, ಹಾರರ್‌ಗೆ ನಡೆಯುತ್ತೆ ಅಂತ. ಮಕ್ಕಳ ಚಿತ್ರಕ್ಕೆ ಬನ್ನಿ. ಅದೇ ವರ್ಷ ಜೂನ್‌ನಲ್ಲಿ ಪಿಕ್ಸಾರ್ ಎಲಿಯೊ ಬಿಟ್ಟಿತು, ಸ್ವಂತ ಕಥೆ. ಅಮೆರಿಕದಲ್ಲಿ ಮೊದಲ ವಾರಾಂತ್ಯಕ್ಕೆ 2.08 ಕೋಟಿ, ಪಿಕ್ಸಾರ್ ಇತಿಹಾಸದಲ್ಲೇ ಅತಿ ಕಡಿಮೆ. ಅದಕ್ಕೆ ಒಂದು ತಿಂಗಳ ಹಿಂದೆ ಡಿಸ್ನಿಯ ಲಿಲೊ ಅಂಡ್ ಸ್ಟಿಚ್ ರೀಮೇಕ್ ಬಂದು 100 ಕೋಟಿ ದಾಟಿತು. ಜನ ಕೈಯಲ್ಲಿ ದುಡ್ಡು ಹಿಡಿದು ಮತ ಹಾಕಿದ್ದು ಯಾವುದಕ್ಕೆ?

ಕಥೆಗಾರ_ಅಲ್ಲ
ಜನರ ಮೇಲೆ ಹಾಕೋದು ಸುಲಭ. ಸಂಸಾರ ಸಮೇತ ಥಿಯೇಟರಿಗೆ ಹೋಗೋದು ಅಲ್ಲೂ ದುಬಾರಿ, ವರ್ಷಕ್ಕೆ ಎರಡೋ ಮೂರೋ ಸಲ. ಮಗು ಅಳದೆ ಕೂರುತ್ತೆ ಅಂತ ಗ್ಯಾರಂಟಿ ಇರೋದನ್ನೇ ಆರಿಸ್ತಾರೆ. ಪಿಕ್ಸಾರ್ ಚಿತ್ರ ಮೂರು ತಿಂಗಳಲ್ಲಿ ಮನೇಲೇ ಬರುತ್ತೆ ಅಂತ ಕೊರೊನಾ ಕಾಲದಲ್ಲಿ ಕಲಿಸಿದವರು ಯಾರು? ಸೋಲ್, ಲೂಕಾ, ಟರ್ನಿಂಗ್ ರೆಡ್, ಮೂರೂ ಸ್ವಂತ ಕಥೆ. ಅಮೆರಿಕದಲ್ಲಿ ಮೂರನ್ನೂ ನೇರ ಓಟಿಟಿಗೆ ಹಾಕಿದರು.

ಕರಾವಳಿ_ಪ್ರೇಕ್ಷಕ
ಮೊವಾನಾ 2 ನೆನಪು ಮಾಡಿ ಹಾಗಾದರೆ. ಅದು ಶುರುವಾದದ್ದು ಡಿಸ್ನಿ ಓಟಿಟಿಗೆ ಧಾರಾವಾಹಿ ಎಂದು. 2024ರ ಫೆಬ್ರವರಿಯಲ್ಲಿ ಇದು ಸಿನಿಮಾ ಎಂದು ಘೋಷಿಸಿದರು, ನವೆಂಬರಿನಲ್ಲಿ ಥಿಯೇಟರಿಗೆ ಬಂತು, 100 ಕೋಟಿ ಡಾಲರ್ ದಾಟಿತು. ಎಪಿಸೋಡಿನ ಹೊಲಿಗೆ ಅಲ್ಲಲ್ಲಿ ಕಾಣುತ್ತದೆ, ಒಂದು ದ್ವೀಪ ಮುಗಿಯಿತು, ಮುಂದಿನ ಆಪತ್ತು ಬಂತು ಎಂಬ ಹಾಗೆ. ಯಾರು ಕೇಳಿದರು?

ಟೂರಿಂಗ್‌ಟಾಕೀಸ್
ಅಂದ್ರೆ ನಾನು ಮೇಲೆ ಹಾಕಿದ ಎಂಟರ ಪಟ್ಟಿಯಲ್ಲಿ ಒಂದು ಸಿನಿಮಾನೇ ಅಲ್ಲ, ಧಾರಾವಾಹಿ. ಏಳು ಅಂತ ತಿದ್ಕೊಳ್ಳಿ.

ಗಾಂಧಿಕ್ಲಾಸ್
ಅದೇ ಮೊವಾನಾನ ಕಾರ್ಟೂನ್ ಬಿಟ್ಟು ನಿಜವಾದ ನಟರನ್ನ ಹಾಕಿ ಮತ್ತೆ ತೆಗೆದಿದಾರೆ, 2026ರ ಜುಲೈ ತಾರೀಖು ಹಾಕಿ. ಮೊದಲನೇದು ಬಂದಿದ್ದು 2016. ಹತ್ತು ವರ್ಷನೂ ತಡ್ಕೊಳ್ಳಲಿಲ್ಲ ಗುರು.

ಹುಬ್ಳಿ_ರೀಲು
ಅನ್ನ ಆರೋದ್ರೊಳಗ ಒಗ್ಗರಣಿ ಹಾಕಿದ್ರ ಅದು ಚಿತ್ರಾನ್ನ ಅಲ್ರಿ, ಮುದ್ದಿ ಆಗ್ತದ.